ಕಾಮಣ್ಣನ ಬಿಲ್ಲು ಮತ್ತು ನನ್ನ ವಾರ್ನಿಶ್ ಡಬ್ಬಿ

ಮಳೆ ಬಿಸಿಲು ಒಟ್ಟಿಗೆ ಬಂದಾಗ ಆಕಾಶದಲ್ಲಿ ಮೂಡೋ ಬಿಲ್ಲಿಗೆ ನಾವು ಕನ್ನಡಿಗರು ಕಾಮನಬಿಲ್ಲು ಅಂತ ಎಷ್ಟು ಚೆಂದದ ಹೆಸರಿಟ್ಟಿದ್ದೇವೆ ನೋಡಿ. ಆ ಬಿಲ್ಲಿಗೆ ಯಾರೂ ವಾರ್ನಿಶ್ ಹಚ್ಚೋಕಾಗಲ್ಲ, ಪುಣ್ಯ. ನಾನು ಹಚ್ಚಿದ್ದು ಮರದ ಕಾಮನಬಿಲ್ಲಿಗೆ. ಹಚ್ಚಿ ಕೆಡಿಸಿದೆ. ಆ ಕಥೆ ಹೇಳ್ತಾ ಸ್ವಲ್ಪ ಇತಿಹಾಸಾನೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಯಲಬುರ್ಗಾ ತಾಲ್ಲೂಕಿನ ನಮ್ಮ ಊರಲ್ಲಿ ಓಣಿಯ ಕಾಮಣ್ಣ ವರ್ಷಪೂರ್ತಿ ನಮ್ಮ ಮನೆ ಅಟ್ಟದ ಮೇಲೇ ಇರ್ತಾನೆ. ಹೋಳಿ ಹುಣ್ಣಿಮೆಗೆ ಕೆಳಗಿಳಿಸಿ, ಪಕ್ಕದಲ್ಲಿ ರತಿದೇವಿಯನ್ನ ಕೂಡಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಅರಿವೆ ಸುತ್ತಿ ಇಡೋದು. ಸುಡೋದು ಕಟ್ಟಿಗೆ ಕುಳ್ಳು ಒಟ್ಟಿದ ಕಾಮಣ್ಣನ್ನ, ಇವನನ್ನಲ್ಲ. ಇವನು ಕಿನ್ನಾಳದವನು. ನಮ್ಮ ಮುತ್ತಜ್ಜನ ಕಾಲಕ್ಕೆ ಬಂದವನಂತೆ. ಕೈಯಲ್ಲಿ ಒಂದು ಮೊಳದ ಕಬ್ಬಿನ ಬಿಲ್ಲು. ಕಬ್ಬು ಅಂದರೆ ನಿಜವಾದ ಕಬ್ಬಲ್ಲ, ಗಿಣ್ಣು ಗಿಣ್ಣಾಗಿ ಕೆತ್ತಿದ ಮರ. ಬೇಕಾದಾಗ ಕೈಯಿಂದ ಬಿಡಿಸಿ ತೆಗೀಬಹುದು.

ಬಿಲ್ಲು ಮಂಕಾಗಿತ್ತು, ಅಲ್ಲಲ್ಲಿ ಬಣ್ಣ ಏಳ್ತಾ ಇತ್ತು. ಬೆಂಗಳೂರಿಂದ ರಜೆಗೆ ಹೋದವನಿಗೆ ಉಮೇದು ಬಂತು. ಇಂಜಿನಿಯರ್ ಅಲ್ವಾ, ಸಮಸ್ಯೆ ಕಂಡರೆ ಸುಮ್ಮನೆ ಕೂರೋಕಾಗಲ್ಲ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದೆ. ಬಟ್ಟೆಗೆ ಕೆಂಪು ಹತ್ತಿತು, ಧೂಳಿರಬೇಕು ಅಂದ್ಕೊಂಡೆ. ಅರ್ಧ ಗಂಟೆ ಬಿಟ್ಟು ಅಂಗಡಿಯಿಂದ ತಂದ ಬಣ್ಣವಿಲ್ಲದ ವಾರ್ನಿಶನ್ನ ದಪ್ಪಗೆ ಎರಡು ಕೈ ಎಳೆದೆ. ಸಂಜೆಗೆ ಕನ್ನಡಿ ಥರಾ ಹೊಳೀತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಮೇಲೆಲ್ಲಾ ಹಾಲು ಚೆಲ್ಲಿದಂಗೆ ಬೆಳ್ಳಗೆ! ಗಿಣ್ಣುಗಳ ಮೇಲಿದ್ದ ಹಳೇ ಬೆಳ್ಳಿ ಹೊಳಪು ಹಳದಿ ಪೊರೆಯ ಕೆಳಗೆ ಮಾಯ. ಅಜ್ಜ ಬಂದು ನೋಡಿ ಬೈಯಲಿಲ್ಲ. "ಓಣ್ಯಾನ ಮಂದಿಗೆ ಏನ ಹೇಳೂದು?" ಅಂದ ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಿಲ್ಲನ್ನ ಪೇಪರಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೆ ಹೋದೆ. ಕೊಪ್ಪಳದ ಹತ್ತಿರದ ಊರು. ಮರದ ಗೊಂಬೆ, ದೇವರ ಮೂರ್ತಿ ಮಾಡೋ ಚಿತ್ರಗಾರರ ಊರು. 2012ರ ಹೊತ್ತಿಗೆ ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಒಬ್ಬ ಹಿರಿಯರು ಬಿಲ್ಲನ್ನ ತಿರುಗಿಸಿ, ಉಗುರಿಂದ ಕೆರೆದು, ಮೂಸಿ ನೋಡಿ ಕೇಳಿದರು: "ತಮ್ಮಾ, ನೀರು ಹಚ್ಚಿದ್ದಿ?" ನನಗೆ ಆಶ್ಚರ್ಯ. ಇವರಿಗೆ ಹೆಂಗೆ ಗೊತ್ತಾಯ್ತು?

ಅವತ್ತು ಕೂತು ಕೇಳಿಸಿಕೊಂಡಿದ್ದನ್ನ ಚಿಕ್ಕದಾಗಿ ಹೇಳ್ತೀನಿ. ಹಳೇ ಪದ್ಧತಿಯಲ್ಲಿ ಪೊಳಕಿ ಅನ್ನೋ ಹಗುರ ಮರ ತಂದು ಚೆನ್ನಾಗಿ ಒಣಗಿಸಿ ಕೆತ್ತೋದು. ಒಂದು ಮೂರ್ತಿಗೆ ಎಷ್ಟೋ ಬಿಡಿಭಾಗ. ಜೋಡಿಸಿದ ಮೇಲೆ ಹುಣಸೆಬೀಜದ ಸರಿಯಿಂದ ಬಟ್ಟೆ ಚೂರುಗಳನ್ನ ಮೈಗೆಲ್ಲಾ ಅಂಟಿಸೋದು. ಅದರ ಮೇಲೆ ಕಲ್ಲಿನ ಪುಡಿಗೆ ಅಂಟು ಕಲಸಿದ ಲೇಪ. ಒಡವೆ, ಕಿರೀಟದ ಉಬ್ಬು ಕೆಲಸಕ್ಕೂ ಇದೇ. ಆಮೇಲೆ ಬಣ್ಣ. ಇನ್ನು ಚಿನ್ನ ಬೆಳ್ಳಿಯಂಥ ಹೊಳಪಿಗೆ ಲಾಜವಾರ: ತವರದಂಥ ಅಗ್ಗದ ಲೋಹವನ್ನ ಅಂಟಿನ ಜೊತೆ ನುಣ್ಣಗೆ ಅರೆದು, ಹಚ್ಚಿ, ಒಣಗಿದ ಮೇಲೆ ಮಿರ್ಜಕಲ್ಲಿನಿಂದ ಉಜ್ಜೋದು. ಉಜ್ಜಿದಷ್ಟೂ ಹೊಳಪು.

ಈಗ ನನ್ನ ತಪ್ಪು ಏನು ಅಂತ ನಿಮಗೇ ಗೊತ್ತಾಗಿರಬೇಕು. ಕೆಳಗಿಂದ ಮೇಲಿನವರೆಗೆ ಎಲ್ಲಾ ಅಂಟಿನ ಕೆಲಸ. ಅಂಟಿಗೆ ನೀರೇ ಶತ್ರು. ಒದ್ದೆ ಬಟ್ಟೆಗೆ ಬಂದ ಕೆಂಪು ಧೂಳಲ್ಲ, ಬಣ್ಣವೇ. ನೀರು ಒಳಗೆ ಇಳಿದಿತ್ತು. ಅದು ಆರೋ ಮೊದಲೇ ನಾನು ಮೇಲಿಂದ ಬಾಗಿಲು ಹಾಕಿಬಿಟ್ಟೆ. ಒಳಗೆ ಸಿಕ್ಕಿಕೊಂಡ ತೇವವೇ ಬೆಳ್ಳಗೆ ಕಾಣ್ತಿತ್ತು. "ಕಡೀ ಕೆಲಸ ಎಲ್ಲಾ ಕಾಯ್ತೈತಿ ಅಂತ ತಿಳಕೊಂಡೀರಿ ನೀವು. ಕಾಯೂದು ಮೊದಲನೇ ಕೆಲಸ, ಮರಾ ಒಣಗಸೂದು" ಅಂದರು ಆ ಹಿರಿಯರು.

ಚನ್ನಪಟ್ಟಣದ ಗೊಂಬೆಗೆ ಹಚ್ಚೋ ಅರಗನ್ನ ಇದಕ್ಕೂ ಹಚ್ಚಬಹುದಲ್ಲಾ ಅಂತ ಕೇಳಿದೆ. ನಕ್ಕರು. ಅಲ್ಲಿ ಗೊಂಬೆ ಚರಕಿಯಲ್ಲಿ ಗಿರಗಿರ ತಿರುಗುತ್ತೆ, ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಮರಕ್ಕೆ ಕೂರುತ್ತೆ, ತಾಳೆಗರಿ ಒತ್ತಿದರೆ ಹೊಳಪು. ಬಿಲ್ಲು ಬಾಗಿದ್ದು. ಬಾಗಿದ್ದನ್ನ ಹೆಂಗೆ ತಿರುಗಿಸೋದು?

ಇದಾದ ಮೇಲೆ ನನಗೆ ಬಿಲ್ಲಿನ ಹುಚ್ಚು ಹತ್ತಿತು. ನಿಜವಾದ ಬಿಲ್ಲುಗಳನ್ನ ಮಳೆಗಾಲದಲ್ಲಿ ಹೆಂಗೆ ಕಾಪಾಡ್ತಿದ್ದರು ಅಂತ ಹುಡುಕ್ತಾ ಹೋದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ಥರದ ಬಿಲ್ಲುಗಳಿವೆ: ತಾಳೆಯದು, ಬಿದಿರಿನದು, ಮರದ್ದು, ಕೊಂಬಿನದು. ಕೊಂಬು, ಮರ, ನರ ಮೂರನ್ನೂ ಸೇರಿಸಿ ಮಾಡಿದ ಜೋಡಣೆ ಬಿಲ್ಲು ಕುದುರೆ ಸವಾರರ ಅಸ್ತ್ರ. ಚಿಕ್ಕದು, ಆದರೆ ಬಲ ಜಾಸ್ತಿ. ಇದನ್ನ ಹಿಡಿದಿಟ್ಟಿರೋದು ಪ್ರಾಣಿಗಳ ಚರ್ಮ, ನರ ಬೇಯಿಸಿ ತೆಗೆದ ಅಂಟು. ತೇವ ತಾಗಿದರೆ ಬಿಲ್ಲು ಬಿಚ್ಚಿಕೊಳ್ಳುತ್ತೆ. ಅದಕ್ಕೇ ಮೇಲೆ ತೊಗಟೆಯನ್ನೋ ತೊಗಲನ್ನೋ ಸುತ್ತಿ, ಬಣ್ಣ ಕೊಟ್ಟು, ಮೆರುಗೆಣ್ಣೆ ಬಳೀತಿದ್ದರು. ಮ್ಯೂಸಿಯಮ್ಮುಗಳಲ್ಲಿರೋ ಹಳೇ ಬಿಲ್ಲುಗಳ ಮೇಲಿನ ಹೂಬಳ್ಳಿ ನೋಡಿ ಬರೀ ಅಲಂಕಾರ ಅಂದ್ಕೊಂಡಿದ್ದೆ. ಅದು ರೇನ್‌ಕೋಟು ಕೂಡ! ಇನ್ನೊಂದು ವಿಷಯ, ಬಿಲ್ಲು ಬಾಗಬೇಕು. ಗಾಜಿನಂಗೆ ಗಡುಸಾದ ಮೆರುಗು ಮೊದಲ ಬಾಣಕ್ಕೇ ಬಿರಿಯುತ್ತೆ. ಹಂಗಾಗಿ ಲೇಪ ತೆಳ್ಳಗಿರಬೇಕು, ಮರದ ಜೊತೆ ಬಾಗಬೇಕು.

ಬಿಲ್ಲು ನಮ್ಮ ಸೀಮೆಯ ಇತಿಹಾಸದಲ್ಲಿ ಸಣ್ಣ ವಿಷಯವಲ್ಲ. ವಿಜಯನಗರದ ಎರಡನೇ ದೇವರಾಯ (ತೀರಿಕೊಂಡಿದ್ದು 1446ರಲ್ಲಿ) ಬಹಮನಿಗಳು ನಮ್ಮನ್ನ ಯಾಕೆ ಸೋಲಿಸ್ತಾರೆ ಅಂತ ಸಭೆ ಕರೆದು ಕೇಳಿದನಂತೆ. ಸಿಕ್ಕ ಉತ್ತರ ಎರಡು: ಅವರ ಕುದುರೆಗಳು ಚೆನ್ನಾಗಿವೆ, ಅವರ ಬಿಲ್ಲುಗಾರರು ಚೆನ್ನಾಗಿದ್ದಾರೆ. ರಾಜ ಎರಡು ಸಾವಿರ ಮುಸ್ಲಿಂ ಬಿಲ್ಲುಗಾರರನ್ನ ಸೇರಿಸಿಕೊಂಡು, ಅರವತ್ತು ಸಾವಿರ ಹಿಂದೂಗಳಿಗೆ ಬಿಲ್ವಿದ್ಯೆ ಕಲಿಸಿದ ಅಂತ ಫೆರಿಷ್ತಾ ಬರೀತಾನೆ. ಅವನು ಬರೆದಿದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, ಸಂಖ್ಯೆಗಳನ್ನ ಹಾಗೇ ನುಂಗೋದು ಬೇಡ. ಆದರೂ ಒಂದು ಸಾಮ್ರಾಜ್ಯ ಬಿಲ್ಲಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿತ್ತು ಅನ್ನೋದೇ ಮಜಾ. ಅಷ್ಟು ಬಿಲ್ಲುಗಳಿದ್ದ ಮೇಲೆ ಅವನ್ನ ಒಣಗಿಸಿ, ಅಂಟಿಸಿ, ಲೇಪ ಕೊಟ್ಟ ಕೈಗಳೂ ಇದ್ದಿರಲೇಬೇಕಲ್ಲ. ಫೆರಿಷ್ತಾ ಅವರ ಬಗ್ಗೆ ಬರೆಯೋದಿಲ್ಲ.

ಆ ಕೈಗಳ ನೆರಳು ಕಾಣಬೇಕಂದ್ರೆ ಗಂಗಾವತಿ, ಆನೆಗೊಂದಿ ದಾಟಿ ಹೊಳೆಯಾಚೆಯ ಹಂಪಿಗೆ ಹೋಗಬೇಕು. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ಛಾವಣಿ ನೋಡಿ. ಅಲ್ಲಿ ತ್ರಿಪುರಕ್ಕೆ ಗುರಿಯಿಟ್ಟ ಶಿವ, ಮೀನಿಗೆ ಗುರಿಯಿಟ್ಟ ಅರ್ಜುನ, ತಪಸ್ಸಿಗೆ ಕೂತ ಶಿವನಿಗೇ ಗುರಿಯಿಟ್ಟ ಕಾಮಣ್ಣ. ಛಾವಣಿ ತುಂಬಾ ಬಿಲ್ಲುಗಳು! ಈ ಚಿತ್ರಗಳನ್ನ ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಜರು ಅನ್ನೋ ನಂಬಿಕೆ ಇದೆ. ವಿಜಯನಗರದ ಕಾಲದವೋ, ಎಷ್ಟೋ ಆಮೇಲಿನವೋ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ನನಗೆ ಮಾತ್ರ ಆ ಕಾಮಣ್ಣನ್ನ ನೋಡಿ ನಮ್ಮ ಅಟ್ಟದವನೇ ನೆನಪಾಗಿ ನಾಚಿಕೆಯಾಯ್ತು.

ಈಗ ಕಿನ್ನಾಳದಲ್ಲೂ ಡಬ್ಬಿಯ ಬಣ್ಣ, ವಾರ್ನಿಶ್ ಬಂದಿವೆ. ಅದನ್ನ ತಪ್ಪು ಅನ್ನೋಕೆ ನಾನ್ಯಾರು? ಬೇಗ ಒಣಗುತ್ತೆ, ಕೊಂಡವರು ನೀರಲ್ಲಿ ಒರೆಸಿದರೂ ತಡೆಯುತ್ತೆ, ಗಿರಾಕಿಗೆ ಹೊಳಪು ಬೇಕು. ಒಣ ಮರದ ಹೊಸ ಗೊಂಬೆಗೆ ಅದು ಸರಿಯೇ. ಹಳೇ ಅಂಟಿನ ಕೆಲಸದ ಮೇಲೆ ಹಚ್ಚಿದರೆ ಮಾತ್ರ ಹಿಂದಕ್ಕೆ ಬರೋ ದಾರಿ ಇಲ್ಲ. ಕಂಪ್ಯೂಟರಲ್ಲಾದರೆ ಒಂದು ಕೀ ಒತ್ತಿ ವಾಪಸ್ ಬರಬಹುದು. ಇಲ್ಲಿ ವಾರ್ನಿಶ್ ತೆಗೆಯೋಕೆ ಹೋದರೆ ಅದರ ಜೊತೆ ಬಣ್ಣವೂ ಬರುತ್ತೆ. ಹಳೇ ವಸ್ತುವಿಗೆ ತೆಗೆಯೋಕಾಗದ್ದನ್ನ ಹಚ್ಚಬಾರದು ಅಂತ ಮ್ಯೂಸಿಯಮ್ಮಿನವರು ಹೇಳೋದು ಇದಕ್ಕೇ.

ನಮ್ಮ ಬಿಲ್ಲನ್ನ ಮರದವರೆಗೆ ಕೆರೆದು ಮತ್ತೆ ಬಣ್ಣ ಹಾಕಿಕೊಟ್ಟರು. ಚೆನ್ನಾಗೇ ಇದೆ. ಓಣಿಯವರಿಗೆ ಗೊತ್ತೇ ಆಗಲಿಲ್ಲ. ಆದರೆ ಮುತ್ತಜ್ಜನ ಕಾಲದ ಲಾಜವಾರ ಹೋಯ್ತು, ಅದನ್ನ ಉಜ್ಜಿದ ಕೈ ಯಾರದೋ ಏನೋ. ಹಿಡಿಕೆಯ ಒಳಗಡೆ, ಕಾಮಣ್ಣನ ಮುಷ್ಟಿ ಮುಚ್ಚೋ ಜಾಗದಲ್ಲಿ ಒಂದು ಉಗುರಿನಷ್ಟು ಮಾತ್ರ ಹಿರಿಯರು ಹಾಗೇ ಬಿಟ್ಟಿದ್ದಾರೆ. ಹೋಳಿಗೆ ಕೆಳಗಿಳಿಸಿದಾಗ ನಾನೂ ಅಜ್ಜನೂ ಬಿಲ್ಲು ಬಿಡಿಸಿ ಅದನ್ನ ನೋಡ್ತೀವಿ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ಸಿಗಿಸ್ತೀವಿ.

ನಿಮ್ಮ ಮನೆ ಅಟ್ಟದಲ್ಲೂ ಕಿನ್ನಾಳದ ಗೊಂಬೆ ಇದ್ದರೆ ಹೇಳಿ. ಏನಾದರೂ ಹಚ್ಚೋ ಮೊದಲು!