ಊರಿಗಾಂ: ಶಾಲೆ-ಕಾಲೇಜುಗಳ ನೆನಪು ಮತ್ತು ವಾಡಿಕೆ

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಒಂದು ಭಾಗ ಊರಿಗಾಂ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಇಲ್ಲಿನ ವಿದ್ಯಾಸಂಸ್ಥೆಗಳ ಕಥೆಯನ್ನು ಗಣಿಯ ಕಥೆಯಿಂದ ಬಿಡಿಸಿ ಹೇಳಲಾಗದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತ ವಹಿಸಿಕೊಂಡಿತು. ಬಂಗಲೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳು, ಮೇಲ್ವಿಚಾರಣೆಯ ಕೆಲಸಗಳಲ್ಲಿ ಆಂಗ್ಲೋ-ಇಂಡಿಯನ್ನರು, 'ಲೈನು' ಎಂದು ಕರೆಯುವ ಕಾರ್ಮಿಕ ವಸತಿಸಾಲುಗಳ ತಟ್ಟಿ ಮನೆಗಳಲ್ಲಿ ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕಾರ್ಮಿಕರು. ಓದೂ ಹಾಗೆಯೇ ಹಂಚಿಹೋಯಿತು. ಒಂದು ಕಡೆ ಇಂಗ್ಲಿಷ್ ಶಾಲೆ, ಕಾನ್ವೆಂಟು. ಇನ್ನೊಂದು ಕಡೆ ತಮಿಳು, ತೆಲುಗು, ಆಮೇಲೆ ಕನ್ನಡ. ಹೀಗಾಗಿ ಇಲ್ಲಿನ ಹಳೆಯ ವಿದ್ಯಾರ್ಥಿಗಳ ನೆನಪು ಎಂದೂ ಒಂದೇ ಆಗಿರಲಿಲ್ಲ. ಅಚ್ಚಾದದ್ದು ಹೆಚ್ಚಾಗಿ ಬಂಗಲೆಯ ಕಡೆಯದು. ಬ್ರಿಜೆಟ್ ವೈಟ್-ಕುಮಾರ್ ಅವರು ಕೆಜಿಎಫ್‌ನ ಬಾಲ್ಯ ಕುರಿತು ಬರೆದ ಇಂಗ್ಲಿಷ್ ಪುಸ್ತಕ ಇದಕ್ಕೆ ಒಳ್ಳೆಯ ಉದಾಹರಣೆ. ಲೈನಿನ ನೆನಪುಗಳು ಬಹುಪಾಲು ಬಾಯಿಮಾತಿನಲ್ಲೇ ಉಳಿದಿವೆ.

ಎರಡೂ ಕಡೆಯವರಿಗೆ ಸಮಾನವಾದದ್ದು ಊರಿನ ಸದ್ದು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನು ಗಣಿಗೆ ಹೇಗೋ ಮನೆಗೂ ಹಾಗೆಯೇ ಗಡಿಯಾರವಾಗಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಇಬ್ಬರೂ ಹಂಚಿಕೊಳ್ಳುವ ಹೆಮ್ಮೆಯೂ ಒಂದಿದೆ: 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದಿತ್ತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಈ ಮೂರು ವರ್ಷದ ಹೆಮ್ಮೆಯನ್ನು ಇಲ್ಲಿ ಓದಿದವರು ಬೆಂಗಳೂರಿನವರ ಮುಂದೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಉನ್ನತ ಶಿಕ್ಷಣ ಬಂದದ್ದು ತಡವಾಗಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಗಣಿಗಾರಿಕೆಯ ಡಿಪ್ಲೊಮಾ ಕಲಿಸುವ ಸ್ಕೂಲ್ ಆಫ್ ಮೈನ್ಸ್ ಇಲ್ಲಿವೆ. 1986ರಲ್ಲಿ ಗೋಲ್ಡನ್ ವ್ಯಾಲಿ ತಾಂತ್ರಿಕ ವಿದ್ಯಾಲಯ ಆರಂಭವಾಯಿತು, ಅದೀಗ ಡಾ. ಟಿ. ತಿಮ್ಮಯ್ಯ ತಾಂತ್ರಿಕ ವಿದ್ಯಾಲಯ. ಅಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವೂ ಇದೆ. ಆದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಸೇರಿದವರು ಗಣಿವಿದ್ಯೆ ಕಲಿತದ್ದು ನಿಂತುಹೋದ ಗಣಿಯ ಪಕ್ಕದಲ್ಲೇ.

ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಒಟ್ಟಿಗೆ ಓದಿದವರು ಸೇರಲು ಹಳೆಯ ವಿದ್ಯಾರ್ಥಿ ಸಂಘದ ಸಭೆಗಾಗಿ ಕಾಯಬೇಕಿಲ್ಲ, ಬೆಳಗಿನ ಬೋಗಿಯೇ ಸಾಕು. ದೇಶ ಬಿಟ್ಟ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಕೆಲವರು ಕ್ರಿಸ್‌ಮಸ್ ಹೊತ್ತಿಗೆ ಬರುತ್ತಾರೆ. ಹಳಬರು ಎದುರಾದಾಗ ಶಾಲೆಯ ಹೆಸರಿಗಿಂತ ಮೊದಲು ಕೇಳುವುದು: ಯಾವ ಗಣಿ, ಯಾವ ಲೈನು?