ಚಪಾತಿ ತಿಂದ್ರ ಹೊಟ್ಟಿ ಉಬ್ತದಾ? ಎಲ್ಲಾ ತಪ್ಪು ಗ್ಲುಟನ್‌ದಲ್ಲ, ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ವನದುರ್ಗ (ಶಹಾಪುರ ತಾ.): ಮದುವೆ, ಜವಳ, ಜಾತ್ರೆ ಊಟ ಮುಗಿಸಿ ಬಂದ ಮರುದಿನ ‘ಚಪಾತಿ ನನಗ ಆಗಿಬರಂಗಿಲ್ಲ’ ಎನ್ನುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಮೊದಲು ಇದಕ್ಕೆ ವಾಯು, ಪಿತ್ತ, ಅಜೀರ್ಣ ಅಂತ ಹೆಸರಿತ್ತು. ಈಗ ಮೊಬೈಲ್‌ನಲ್ಲಿ ವಿಡಿಯೊ ನೋಡಿದವರು ‘ಗ್ಲುಟನ್’ ಎನ್ನುತ್ತಿದ್ದಾರೆ. ಕೆಲವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಗೋಧಿಯಿಂದ ಬರುವ ತೊಂದರೆಯೇ ಮೂರು ಬಗೆ. ಹಾಲು, ಉಳ್ಳಾಗಡ್ಡಿ, ಹಳೆ ಎಣ್ಣೆ, ಕೆಟ್ಟ ನೀರಿನಿಂದ ಬರುವ ತೊಂದರೆಗಳೂ ನೋಡಲಿಕ್ಕೆ ಹಾಗೇ ಇರುತ್ತವೆ. ಯಾವುದು ಅಂತ ತಿಳಿಯದೆ ಗೋಧಿ ಬಿಟ್ಟವರಲ್ಲಿ ಕೆಲವರು ಸುಮ್ಮನೆ ಪಥ್ಯ ಮಾಡುತ್ತಾರೆ. ಇನ್ನು ಕೆಲವರು ನಿಜವಾದ ಕಾಯಿಲೆಯನ್ನು ಪರೀಕ್ಷೆಯಲ್ಲಿ ಸಿಗದಂತೆ ತಾವೇ ಮುಚ್ಚಿಬಿಡುತ್ತಾರೆ.

ಹಿಟ್ಟಿನ ಜಿಗಿಯಲ್ಲೇ ಗುಟ್ಟು

ರೊಟ್ಟಿ ಬಡಿಯುವವರಿಗೆ ಗ್ಲುಟನ್ ಅಂದರೇನು ಅಂತ ಹೆಚ್ಚು ವಿವರಿಸಬೇಕಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ಎಷ್ಟು ನಾದಿದರೂ ಎಳೆದರೆ ಹರಿಯುತ್ತದೆ, ಅದಕ್ಕೇ ಅದನ್ನು ಕೈಯಿಂದ ಬಡಿಯುವುದು. ಹೋಳಿಗೆಯ ಕಣಕ ಮಾತ್ರ ರಬ್ಬರಿನಂತೆ ಹಿಗ್ಗುತ್ತದೆ. ಜೋಳದ ಜಿಗಿ ಬೆಂದ ಪಿಷ್ಟದ್ದು, ಕಣಕದ ಜಿಗಿ ಪ್ರೋಟೀನಿನದು. ಆ ಹಿಗ್ಗುವ ಪ್ರೋಟೀನೇ ಗ್ಲುಟನ್. ಮೈದಾ ಉಂಡೆಯನ್ನು ನೀರಿನ ಕೆಳಗೆ ಹಿಡಿದು ತೊಳೆಯುತ್ತಾ ಹೋದರೆ ಬಿಳಿ ನೀರೆಲ್ಲ ಹೋಗಿ ಕೊನೆಗೆ ಕೈಯಲ್ಲಿ ಉಳಿಯುವ ಅಂಟು ಮುದ್ದೆ ಬಹುಪಾಲು ಅದೇ.

ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿ, ಮೆಕ್ಕೆಜೋಳ, ಕಡಲೆ, ತೊಗರಿ – ಇವುಗಳಲ್ಲಿ ಈ ಪ್ರೋಟೀನ್ ಇಲ್ಲ. ಗೋಧಿ, ಬಾರ್ಲಿ ಮತ್ತು ನಮ್ಮ ಕಡೆ ಕಾಣದ ರೈ ಧಾನ್ಯದಲ್ಲಿ ಇದೆ. ರವೆ, ಮೈದಾ, ಶಾವಿಗೆ, ಟೋಸ್ಟ್, ಖಾರಿ, ಬನ್ ಎಲ್ಲಾ ಗೋಧಿಯ ಮನೆತನವೇ. ‘ಶುಗರ್ ಇದ್ದವರಿಗೆ ಒಳ್ಳೇದು’ ಅಂತ ಮಾರುವ ಕಪ್ಲಿ ಗೋಧಿಯಲ್ಲೂ ಗ್ಲುಟನ್ ಇದೆ. ಹಳೆಯ ತಳಿ ಎಂದ ಮಾತ್ರಕ್ಕೆ ಅದು ಗ್ಲುಟನ್ ಇಲ್ಲದ ಗೋಧಿಯಲ್ಲ.

ಗಡಿಯಾರ ನೋಡಿ

ತೊಂದರೆ ಯಾವುದು ಅಂತ ಅಂದಾಜು ಮಾಡಲು ಅತ್ಯಂತ ಸುಲಭದ ಸುಳಿವು ಸಮಯ. ತಿಂದು ಎಷ್ಟು ಹೊತ್ತಿಗೆ ಶುರುವಾಯಿತು, ಮೈಯ ಯಾವ ಭಾಗದಲ್ಲಿ ಕಾಣಿಸಿತು?

ಕೆಲವು ನಿಮಿಷದಿಂದ ಎರಡು ತಾಸಿನೊಳಗೆ ಮೈಮೇಲೆ ಪಿತ್ತದ ಗಂಧೆ ಎದ್ದರೆ, ತುಟಿ-ಕಣ್ಣು ಊದಿದರೆ, ಗಂಟಲು ಬಿಗಿದರೆ, ದಮ್ಮು ಬಂದರೆ, ವಾಂತಿ ಜೊತೆ ತಲೆ ತಿರುಗಿ ಬಿದ್ದರೆ – ಅದು ಗೋಧಿ ಅಲರ್ಜಿ ಇರಬಹುದು. ಮೂರರಲ್ಲಿ ಇದೊಂದೇ ನಿಂತ ಕಾಲಲ್ಲಿ ಜೀವ ತೆಗೆಯಬಲ್ಲದ್ದು. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದೇ ಅದಕ್ಕೆ ಮೊದಲ ಔಷಧ.

ಇದರಲ್ಲೇ ಒಂದು ವಿಚಿತ್ರ ಬಗೆ ಇದೆ, ಹೊಲಕ್ಕೆ ಹೋಗುವವರು ತಿಳಿದಿರಬೇಕಾದ್ದು. ಚಪಾತಿ ತಿಂದು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ. ಚಪಾತಿ ತಿಂದ ಮೇಲೆ ಮೈಮುರಿದು ಕೆಲಸ ಮಾಡಿದರೆ, ಓಡಿದರೆ ಗಂಧೆ ಎದ್ದು ಕುಸಿದು ಬೀಳುತ್ತಾರೆ. ಗೋಧಿ ಮತ್ತು ಶ್ರಮ ಎರಡೂ ಕೂಡಿದಾಗ ಮಾತ್ರ ಆಗುವ ಅಲರ್ಜಿ ಇದು. ಕೆಲವರಲ್ಲಿ ನೋವಿನ ಗುಳಿಗೆ ಅಥವಾ ಮದ್ಯ ಇದನ್ನು ಇನ್ನೂ ಕೆರಳಿಸುತ್ತದೆ. ‘ಬಿಸಿಲು ಬಡೀತು’ ಅಂತ ಮನೆಯವರು ತಿಳಿದು ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು. ಬಿಸಿಲಿಗೆ ಬಿದ್ದವರಿಗೆ ಮೈತುಂಬ ಗಂಧೆ ಏಳುವುದಿಲ್ಲ, ನೆನಪಿರಲಿ.

ಎರಡನೆಯದು ಸೀಲಿಯಾಕ್ ಕಾಯಿಲೆ. ಇಲ್ಲಿ ಗಡಿಯಾರದಿಂದ ಉಪಯೋಗವಿಲ್ಲ, ಕ್ಯಾಲೆಂಡರ್ ಬೇಕು. ಇದು ಅಲರ್ಜಿಯಲ್ಲ. ಗ್ಲುಟನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲ್ ನೂಲಿನಂತೆ ಎದ್ದಿರುವ ಸಣ್ಣ ಎಳೆಗಳು ಸವೆದು ನುಣ್ಣಗಾಗುತ್ತವೆ. ಉಂಡ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆ ಉಬ್ಬರ ಇರಬಹುದು, ಇಲ್ಲದೆಯೂ ಇರಬಹುದು. ಎಷ್ಟೋ ಜನರಲ್ಲಿ ಕಾಣುವುದು ರಕ್ತ ಕಡಿಮೆ ಇರುವುದು ಮಾತ್ರ. ತಿಂಗಳಾನುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹುಡುಗಿ, ಓರಗೆಯವರಿಗಿಂತ ಗಿಡ್ಡ ಉಳಿದ ಮಗು, ಮತ್ತೆ ಮತ್ತೆ ಬಾಯಿಹುಣ್ಣು, ಮೊಣಕೈ-ಮೊಣಕಾಲ ಮೇಲೆ ವಿಪರೀತ ತುರಿಸುವ ನೀರ್ಗುಳ್ಳೆ, ಕಾರಣ ತಿಳಿಯದ ಗರ್ಭಪಾತ – ಇವುಗಳ ಹಿಂದೆ ಇದು ಇರಬಹುದು. ರಕ್ತ ಕಡಿಮೆಯಾಗಲು ನಮ್ಮಲ್ಲಿ ಜಂತುಹುಳ, ಮುಟ್ಟಿನ ಅತಿಸ್ರಾವ, ಅರೆಹೊಟ್ಟೆಯ ಊಟವೇ ಹೆಚ್ಚಿನ ಕಾರಣ. ಅವೆಲ್ಲ ನೋಡಿಯಾದ ಮೇಲೂ ಗುಳಿಗೆ ಹತ್ತದಿದ್ದರೆ ಈ ಪರೀಕ್ಷೆ ಕೇಳಬೇಕು.

ಇದಕ್ಕೂ ಗೋಧಿಗೂ ನಂಟು ಇದೆ ಅಂತ ಖಚಿತವಾಗಿ ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ. 1944–45ರ ಯುದ್ಧದ ಬರಗಾಲದಲ್ಲಿ ಬ್ರೆಡ್ಡೇ ಸಿಗದಾದಾಗ ಊರಿನ ಮಕ್ಕಳೆಲ್ಲ ಸೊರಗಿದರೆ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು.

ಮೂರನೆಯದಕ್ಕೆ ಇನ್ನೂ ಗಟ್ಟಿ ಪರೀಕ್ಷೆ ಇಲ್ಲ. ಗೋಧಿ ತಿಂದ ಕೆಲವು ತಾಸಿಗೆ ಅಥವಾ ಮರುದಿನ ಹೊಟ್ಟೆ ಉಬ್ಬರ, ಗ್ಯಾಸ್, ತಲೆಭಾರ, ಸುಸ್ತು. ಕರುಳಿಗೆ ಪೆಟ್ಟು ಬಿದ್ದಿರುವುದಿಲ್ಲ. ಇದನ್ನೇ ಗ್ಲುಟನ್ ಸೂಕ್ಷ್ಮತೆ ಎನ್ನುತ್ತಾರೆ. ಆದರೆ ಇದರಲ್ಲೂ ಎಷ್ಟೋ ಸಲ ಅಪರಾಧಿ ಗ್ಲುಟನ್ ಅಲ್ಲ. ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ‘ನಮಗೆ ಗ್ಲುಟನ್ ಆಗುವುದಿಲ್ಲ’ ಎನ್ನುತ್ತಿದ್ದ 59 ಮಂದಿಗೆ ಯಾವುದು ಅಂತ ಹೇಳದೆ ಒಂದು ವಾರ ಗ್ಲುಟನ್, ಒಂದು ವಾರ ಫ್ರಕ್ಟಾನ್, ಒಂದು ವಾರ ಎರಡೂ ಇಲ್ಲದ ತಿನಿಸು ಕೊಟ್ಟರು. ಹೊಟ್ಟೆ ಹೆಚ್ಚು ಕೆಟ್ಟದ್ದು ಫ್ರಕ್ಟಾನ್ ವಾರದಲ್ಲಿ. ಫ್ರಕ್ಟಾನ್ ಅಂದರೆ ಗೋಧಿಯಲ್ಲಿರುವ, ನಮ್ಮ ಕರುಳಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಸರಪಳಿ. ಅದು ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಧಾರಾಳವಾಗಿದೆ. ಹಸಿ ಉಳ್ಳಾಗಡ್ಡಿ ಕಡಿದು ಜೋಳದ ರೊಟ್ಟಿ ತಿಂದ ದಿನವೂ ಹೊಟ್ಟೆ ಉಬ್ಬಿದರೆ ಗ್ಲುಟನ್‌ಗಿಂತ ಫ್ರಕ್ಟಾನ್ ಮೇಲೆಯೇ ಅನುಮಾನ ಹೆಚ್ಚು. ಇಂಥವರು ಗೋಧಿಯನ್ನು ಪೂರ್ತಿ ಬಿಡಬೇಕಿಲ್ಲ, ಪ್ರಮಾಣ ಇಳಿಸಿದರೂ ಸಾಕಾಗಬಹುದು.

ಹುಗ್ಗಿಯಲ್ಲಿ ಕಳ್ಳ ಯಾರು?

ಗೋಧಿ ಹುಗ್ಗಿಗೆ ಬಿಸಿ ಹಾಲು ಸುರಿದು ಉಂಡವರ ಹೊಟ್ಟೆ ಕೆಟ್ಟಾಗ ತಪ್ಪು ಗೋಧಿಯ ತಲೆಗೆ ಬರುತ್ತದೆ, ಹಾಲನ್ನು ಯಾರೂ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಹಾಲು ಅರಗಿಸುತ್ತಿದ್ದ ಕಿಣ್ವ ದೊಡ್ಡವರಾದಂತೆ ಕಡಿಮೆಯಾಗುವುದು ಜಗತ್ತಿನ ಬಹುಪಾಲು ಜನರಲ್ಲಿ ಸಹಜ, ದಕ್ಷಿಣ ಭಾರತದಲ್ಲೂ ಅಷ್ಟೇ. ಹಾಲು ಕುಡಿದ ಅರ್ಧ ತಾಸಿನಿಂದ ಎರಡು ತಾಸಿನಲ್ಲಿ ಹೊಟ್ಟೆ ಗುಡುಗುಡು, ಗ್ಯಾಸ್, ನೀರುಭೇದಿ ಆಗಿ, ಅದೇ ಮೊಸರು-ಮಜ್ಜಿಗೆಯಿಂದ ಅಷ್ಟೇನೂ ಆಗದಿದ್ದರೆ ಅದು ಲ್ಯಾಕ್ಟೋಸ್ ತೊಂದರೆಯ ಗುರುತು. ಒಂದು ತೊಡಕಿದೆ: ಸೀಲಿಯಾಕ್‌ನಿಂದ ಕರುಳು ಸವೆದವರಿಗೂ ಹಾಲು ಜೀರ್ಣವಾಗುವುದಿಲ್ಲ. ಹಾಲು ಬಿಟ್ಟ ಮೇಲೂ ತೂಕ ಇಳಿಯುತ್ತಿದ್ದರೆ ವಿಷಯ ಹಾಲಿನದಲ್ಲ.

ಪಂಕ್ತಿಯಲ್ಲಿ ಉಂಡ ಹತ್ತಾರು ಮಂದಿಗೆ ಒಂದೇ ರಾತ್ರಿ ವಾಂತಿ ಶುರುವಾದರೆ ಅದು ಕೆಟ್ಟ ಅಡುಗೆ, ಅಷ್ಟೇ. ಕಾಲುವೆ, ತೆರೆದ ಬಾವಿಯ ನೀರು ಕುಡಿಯುವ ಕಡೆ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕರುಳಲ್ಲಿ ಕೂತು ವಾರಗಟ್ಟಲೆ ಉಬ್ಬರ, ದುರ್ವಾಸನೆಯ ಜಿಡ್ಡು ಭೇದಿ ಕೊಡುತ್ತದೆ. ಹೊರನೋಟಕ್ಕೆ ಸೀಲಿಯಾಕ್‌ನ ತದ್ರೂಪ. ಮಲ ಪರೀಕ್ಷೆಯಲ್ಲಿ ಸಿಕ್ಕರೆ ಔಷಧದಿಂದ ಹೋಗುತ್ತದೆ.

ಮಲದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ – ಇವುಗಳಲ್ಲಿ ಒಂದಿದ್ದರೂ ಪಥ್ಯದ ಪ್ರಯೋಗ ಬೇಡ, ನೇರ ಆಸ್ಪತ್ರೆ.

ಜೋಳ ತಿನ್ನುವ ಮನೆಯ ಪೇಚು

ಸೀಲಿಯಾಕ್‌ಗೆ ಮೊದಲ ಪರೀಕ್ಷೆ ರಕ್ತದ್ದು, ಹೆಸರು ಟಿಟಿಜಿ-ಐಜಿಎ. ಜೊತೆಗೆ ಒಟ್ಟು ಐಜಿಎ ಕೂಡ ನೋಡಬೇಕು, ಏಕೆಂದರೆ ಅದು ಹುಟ್ಟಿನಿಂದಲೇ ಕಡಿಮೆ ಇದ್ದವರಲ್ಲಿ ಮೊದಲ ವರದಿ ಸುಳ್ಳು ಹೇಳುತ್ತದೆ. ಶಹಾಪುರ, ಸುರಪುರದಲ್ಲಿ ರಕ್ತ ಕೊಟ್ಟರೂ ಮಾದರಿ ದೊಡ್ಡ ಊರಿನ ಲ್ಯಾಬ್‌ಗೆ ಹೋಗಬೇಕಾಗಬಹುದು. ಪಾಸಿಟಿವ್ ಬಂದವರಿಗೆ, ಅದರಲ್ಲೂ ದೊಡ್ಡವರಿಗೆ, ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿ ಖಚಿತಪಡಿಸುತ್ತಾರೆ.

ಈ ಎರಡೂ ಪರೀಕ್ಷೆ ನಿಜ ಹೇಳಬೇಕಾದರೆ ರೋಗಿ ಗೋಧಿ ತಿನ್ನುತ್ತಿರಬೇಕು. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಗುರುತು ಇಳಿಯುತ್ತದೆ, ಕರುಳು ವಾಸಿಯಾಗತೊಡಗುತ್ತದೆ, ವರದಿ ‘ನೆಗೆಟಿವ್’ ಬರುತ್ತದೆ. ನಮ್ಮ ಭಾಗದಲ್ಲಿ ಇದರ ಮೇಲೆ ಇನ್ನೊಂದು ಪೇಚು. ಮನೆಯಲ್ಲಿ ದಿನಾ ರೊಟ್ಟಿ, ವಾರಕ್ಕೊಮ್ಮೆ ಚಪಾತಿ. ಗೋಧಿ ಬಿಡದಿದ್ದರೂ ತಿನ್ನುವುದೇ ಅಷ್ಟು ಕಡಿಮೆ ಅಂದಾಗ ಪರೀಕ್ಷೆ ತಪ್ಪಬಹುದು. ಆದ್ದರಿಂದ ‘ವಾರಕ್ಕ ಎಷ್ಟು ಚಪಾತಿ, ಎಷ್ಟು ಬಿಸ್ಕೀಟ್’ ಅಂತ ವೈದ್ಯರು ಕೇಳದಿದ್ದರೂ ಹೇಳಬೇಕು. ಬೇಕೆನಿಸಿದರೆ ಅವರೇ ಕೆಲವು ವಾರ ದಿನಾ ಇಷ್ಟು ಗೋಧಿ ತಿಂದು ಬನ್ನಿ ಎನ್ನುತ್ತಾರೆ. ಗಂಧೆ, ಊತ, ದಮ್ಮು ಬರುವವರು ಮಾತ್ರ ಈ ಸಾಹಸ ಎಂದೂ ಮಾಡಬಾರದು. ಅವರ ಪರೀಕ್ಷೆಯೇ ಬೇರೆ.

2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು ಇದನ್ನು ಅಂಕಿಯಲ್ಲಿ ತೋರಿಸಿತು. ಸೀಲಿಯಾಕ್ ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಈ ಕಾಯಿಲೆಗೆ ಬೇಕಾದ ಜೀನ್ ಎರಡೂ ಕಡೆ ಸುಮಾರು ಮೂವರಲ್ಲಿ ಒಬ್ಬರಿಗೆ ಇತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ನಮ್ಮ ಮಕ್ಕಳ ತಟ್ಟೆಗೆ ರೊಟ್ಟಿ ಬದಲು ಬನ್ನು, ನೂಡಲ್ಸ್ ಬಂದಂತೆ ಇಲ್ಲಿನ ವೈದ್ಯರು ಇದನ್ನು ನೆನಪಿನಲ್ಲಿಡಬೇಕಾಗಿದೆ.

ಆನ್‌ಲೈನ್‌ನಲ್ಲಿ ಮಾರುವ ‘200 ಆಹಾರಗಳ ಐಜಿಜಿ ಪರೀಕ್ಷೆ’ಗೆ ದುಡ್ಡು ಹಾಕಬೇಡಿ. ತಿಂದ ಆಹಾರಕ್ಕೆಲ್ಲ ಐಜಿಜಿ ಇರುವುದು ಸಹಜ, ಅದು ರೋಗದ ಗುರುತಲ್ಲ ಅಂತ ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ. ಅದರ ಬದಲು ಎರಡು-ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಏನು ತಿಂದಿರಿ, ಎಷ್ಟು ಹೊತ್ತಿಗೆ, ಏನಾಯಿತು ಅಂತ ಬರೆದು ವೈದ್ಯರ ಮುಂದಿಡಿ. ಜೋಳವೇ ಮುಖ್ಯ ಊಟವಾದ ಮನೆಯಲ್ಲಿ ಗೋಧಿ ತಿಂದ ದಿನ ಬೇರೆಯಾಗಿ ಎದ್ದು ಕಾಣುತ್ತದೆ. ಪಂಜಾಬಿನವರಿಗೆ ಈ ಅನುಕೂಲ ಇಲ್ಲ.

ಗಿರಣಿ, ಕಿರಾಣಿ, ಹೋಟೆಲ್‌ನವರಿಗೆ

ಸೀಲಿಯಾಕ್ ಖಚಿತವಾದವರಿಗೆ ಔಷಧ ಎಂದರೆ ಜೀವನಪೂರ್ತಿ ಗ್ಲುಟನ್ ಬಿಡುವುದೊಂದೇ. ‘ಒಂದ್ ತುತ್ತಿಗೆ ಏನಾಗ್ತದ, ತಿನ್ನು’ ಅಂತ ಬೀಗರ ಮನೆಯಲ್ಲಿ ಒತ್ತಾಯ ಮಾಡುವಂತಿಲ್ಲ. ಚಿಟಿಕೆ ಹಿಟ್ಟೂ ಕರುಳನ್ನು ಕೆಣಕುತ್ತದೆ. ಹಾಗಾಗಿ ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಆ ಜೋಳದ ಹಿಟ್ಟು ಅವರ ಪಾಲಿಗೆ ಗೋಧಿಯೇ. ಅವರ ಜೋಳಕ್ಕೆ ಬೇರೆ ಕಲ್ಲು ಇದ್ದರೆ ಅತ್ಯುತ್ತಮ. ಇಲ್ಲದಿದ್ದರೆ ಗಿರಣಿಯವರು ಬೆಳಿಗ್ಗೆ ಚೆನ್ನಾಗಿ ಝಾಡಿಸಿ, ಒಂದಿಷ್ಟು ಜೋಳ ಬೀಸಿ ಆ ಹಿಟ್ಟು ದನಕ್ಕೆ ಎತ್ತಿಟ್ಟು, ಆಮೇಲೆ ಇವರದು ಹಾಕಿದರೆ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮನೆಯಲ್ಲೇ ಬೀಸುಕಲ್ಲು, ಸಣ್ಣ ಗಿರಣಿ ಇದ್ದು ಅದರಲ್ಲಿ ಗೋಧಿ ಬೀಸದವರಿಗೆ ಈ ಚಿಂತೆ ಇಲ್ಲ.

ಕಿರಾಣಿಯಲ್ಲಿ ಎಲ್ಲರೂ ಮರೆಯುವ ಸಾಮಾನು ಹಿಂಗು. ಡಬ್ಬಿಯ ಹಿಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಸೇರಿಸುವುದು ಸಾಮಾನ್ಯ, ಹಿಂದೆ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಮಕ್ಕಳ ಮಾಲ್ಟ್ ಪುಡಿಯಲ್ಲಿ ಬಾರ್ಲಿ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಪ್ಯಾಕೆಟ್ ಮೇಲೆ ಗ್ಲುಟನ್ ಇರುವ ಧಾನ್ಯ, ಹಾಲು, ಶೇಂಗಾ, ಸೋಯಾ ಮುಂತಾದವನ್ನು ‘ಇದರಲ್ಲಿದೆ’ ಅಂತ ನಮೂದಿಸಲೇಬೇಕು. ‘ಗ್ಲುಟನ್ ರಹಿತ’ ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಬಿಡಿ ಹಿಟ್ಟು ಮಾರುವವರು ಗೋಧಿ ಡಬ್ಬಿಯ ಸೌಟನ್ನೇ ಕಡಲೆಹಿಟ್ಟಿಗೆ ಹಾಕದಿದ್ದರೆ ಅದೇ ದೊಡ್ಡ ಉಪಕಾರ.

ಹೋಟೆಲ್‌ನಲ್ಲಿ ಮಿರ್ಚಿ ಭಜಿಯ ಹಿಟ್ಟು ಕಡಲೆಯದೇ, ಆದರೆ ಪೂರಿ-ಸಮೋಸ ಕರಿದ ಬಾಣಲೆಯಲ್ಲಿ ಬೇಯುತ್ತದೆ. ರೊಟ್ಟಿ ಮಾರುವವರಲ್ಲಿ ಕೆಲವರು ಲಟ್ಟಿಸಲು ಸುಲಭವಾಗಲಿ ಅಂತ ಜೋಳಕ್ಕೆ ಗೋಧಿ ಹಿಟ್ಟು ಬೆರೆಸುವುದುಂಟು. ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು.

ಒಬ್ಬರಿಗೆ ಸೀಲಿಯಾಕ್ ಖಚಿತವಾದ ಮನೆಯಲ್ಲಿ ಅವರ ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುವ ಸಾಧ್ಯತೆ ಇದೆ. ತೊಂದರೆ ಕಾಣದಿದ್ದರೂ ಅವರೆಲ್ಲ ಒಮ್ಮೆ ಅದೇ ರಕ್ತ ಪರೀಕ್ಷೆ ಮಾಡಿಸಬೇಕು, ಮನೆಗೆಲ್ಲ ಒಂದೇ ಅಡುಗೆ ಅಂತ ಎಲ್ಲರೂ ಗೋಧಿ ಬಿಡುವುದಕ್ಕೆ ಮೊದಲು.