ಬ್ರೌಸರಿನೊಳಗೆ ಎತ್ತಿನ ಬಂಡಿ

1971ರಲ್ಲಿ ಅಮೆರಿಕದ ಮಿನೆಸೋಟಾದ ಶಿಕ್ಷಕ ತರಬೇತಿಯ ಮೂವರು ವಿದ್ಯಾರ್ಥಿಗಳು ಇತಿಹಾಸದ ಪಾಠಕ್ಕೆಂದು ಬರೆದ ಆಟ ‘ಒರೆಗಾನ್ ಟ್ರೇಲ್’. ಎತ್ತಿನ ಬಂಡಿಯಲ್ಲಿ ಪಶ್ಚಿಮಕ್ಕೆ ವಲಸೆ. ದಾರಿಯಲ್ಲಿ ಹಸಿವು, ಹಾವುಕಡಿತ, ಹೊಳೆ ದಾಟುವ ಸಂಕಟ. (ಆಡಿದವರು ಮರೆಯದ್ದು ಮಾತ್ರ ಆಮಶಂಕೆಯ ಸಾವು!) ಮೊದಲು ಆಡಿದ ಮಕ್ಕಳಿಗೆ ಪರದೆಯೇ ಇರಲಿಲ್ಲ, ಟೆಲಿಪ್ರಿಂಟರಿನ ಕಾಗದದ ಮೇಲೆ ಸಾಲು ಸಾಲಾಗಿ ಅಚ್ಚಾಗುತ್ತಿತ್ತು.

ಹಳೆಯ ಪಿಸಿಗಳ ಡಾಸ್ ವ್ಯವಸ್ಥೆಗೆಂದು ಬಂದ ಅದರ 1990ರ ಆವೃತ್ತಿಯನ್ನು ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಹಳೆಯ ಆಟಗಳ ಜೊತೆ ಜಾಲಕ್ಕೇರಿಸಿತು. ಬ್ರೌಸರಿನೊಳಗೇ ಡಾಸ್ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರ್ ಇವನ್ನು ಓಡಿಸುತ್ತದೆ.

ಇಂಥ ಆಟಗಳನ್ನು ಹೊತ್ತ ಫ್ಲಾಪಿ ಕೆಲವೇ ದಶಕಗಳಲ್ಲಿ ಹಾಳಾಗುತ್ತದೆ. ಆದರೆ ಸಂಸ್ಥೆಗಾಗಿ ರಚಿಸಿದ ಇಂಥ ಕೃತಿಗೆ ಅಮೆರಿಕದಲ್ಲಿ ಕಾಪಿರೈಟ್ ಪ್ರಕಟಣೆಯಿಂದ 95 ವರ್ಷ. ಮಾರಾಟ ನಿಂತರೂ ಹಕ್ಕು ನಿಲ್ಲದು. ಡಿಜಿಟಲ್ ಬೀಗ ತೆರೆದು ಉಳಿಸಿದ ಆಟಗಳನ್ನು ತಮ್ಮ ಆವರಣದಾಚೆಯ ಸಂಶೋಧಕರಿಗೆ ಒದಗಿಸಲು ಅಲ್ಲಿನ ಗ್ರಂಥಾಲಯಗಳಿಗೆ 2024ರಲ್ಲೂ ಅನುಮತಿ ಸಿಗಲಿಲ್ಲ.